ಅಣುವಿಗೊಂದು ಅಚ್ಚು

ಕಂಚಿನ ವಿಗ್ರಹವನ್ನು ಎರೆಯುವ ಶಿಲ್ಪಿ ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡಿಕೊಳ್ಳುತ್ತಾನೆ. ಅದರ ಸುತ್ತ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸುತ್ತಾನೆ. ಮೇಣ ಕರಗಿ ಹರಿದುಹೋಗುತ್ತದೆ. ಮಣ್ಣಿನೊಳಗೆ ಮೂರ್ತಿಯ ಆಕಾರದ ಪೊಳ್ಳು ಉಳಿಯುತ್ತದೆ. ರಸಾಯನಶಾಸ್ತ್ರಜ್ಞರು ಇದೇ ಕೆಲಸವನ್ನು ಕಣ್ಣಿಗೆ ಕಾಣದ ಅಣುವಿನ ಸುತ್ತ ಮಾಡುತ್ತಾರೆಂದು ಓದಿದಾಗ, ಸಾಹಿತ್ಯದ ಅಧ್ಯಾಪಕನಾದ ನನಗೂ ಕುತೂಹಲ ಹುಟ್ಟಿತು.

ಇದರ ಮೂಲದಲ್ಲಿ ಒಂದು ತಪ್ಪು ಊಹೆಯಿದೆ. ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳು ಹೊರಗಿನಿಂದ ಬಂದ ವಸ್ತುವನ್ನು ಗುರುತಿಸುವುದು ಹೇಗೆ? ಆ ವಸ್ತುವಿಗೆ ಒತ್ತಿಕೊಂಡೇ ಪ್ರತಿಕಾಯವು ತನ್ನ ಆಕಾರವನ್ನು ಪಡೆಯುತ್ತದೆಂದು 1940ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಹೇಳಿದರು. ಅವರ ಶಿಷ್ಯ ಫ್ರಾಂಕ್ ಡಿಕಿ, ಮೀಥೈಲ್ ಆರೆಂಜ್ ಎಂಬ ಬಣ್ಣವನ್ನು ಬೆರೆಸಿ ಸಿಲಿಕಾ ಜೆಲ್ ತಯಾರಿಸಿ, ಆಮೇಲೆ ಬಣ್ಣವನ್ನು ತೊಳೆದು ತೆಗೆದರು. ಆ ಜೆಲ್ ಮತ್ತೆ ಅದೇ ಬಣ್ಣವನ್ನು, ಅದರ ಬಂಧುವಾದ ಈಥೈಲ್ ಆರೆಂಜಿಗಿಂತ ಹೆಚ್ಚಾಗಿ ಹಿಡಿದುಕೊಂಡಿತೆಂದು 1949ರಲ್ಲಿ ವರದಿ ಮಾಡಿದರು.

ದೇಹದ ಮಟ್ಟಿಗೆ ಪೌಲಿಂಗರ ಊಹೆ ನಿಲ್ಲಲಿಲ್ಲ. ದೇಹವು ಬಗೆಬಗೆಯ ಪ್ರತಿಕಾಯಗಳನ್ನು ಮೊದಲೇ ಸಿದ್ಧವಾಗಿಟ್ಟಿರುತ್ತದೆ. ಬಂದ ವಸ್ತು ತನಗೆ ಹೊಂದುವುದನ್ನು ಆರಿಸುತ್ತದೆ, ಅಷ್ಟೆ. ಆದರೆ ಪ್ರಯೋಗಶಾಲೆಯಲ್ಲಿ ಊಹೆ ಬದುಕಿತು. ಜರ್ಮನಿಯ ಗುಂಟರ್ ವುಲ್ಫ್ 1972ರಿಂದ, ಬಳಿಕ ಸ್ವೀಡನ್ನಿನ ಕ್ಲಾಸ್ ಮೋಸ್ಬಾಕ್, ಸಿಲಿಕಾದ ಬದಲು ಪಾಲಿಮರುಗಳಲ್ಲಿ ಅಚ್ಚು ತೆಗೆದರು. ಮಾದರಿ ಅಣುವನ್ನು ಹಿಡಿಯಬಲ್ಲ ಸಣ್ಣ ಅಣುಗಳನ್ನು ಅದರ ಸುತ್ತ ಸೇರಿಸಿ, ಅವನ್ನು ಒಂದಕ್ಕೊಂದು ಬಿಗಿದು, ಮಾದರಿಯನ್ನು ಹೊರತೆಗೆಯುವುದೇ ಇದರ ಕ್ರಮ. 1993ರಲ್ಲಿ ಮೋಸ್ಬಾಕ್ ತಂಡ ಇಂಥ ಪಾಲಿಮರಿನಿಂದ, ಉಬ್ಬಸದ ಔಷಧಿಯಾದ ಥಿಯೋಫಿಲಿನ್ ರಕ್ತದಲ್ಲಿ ಎಷ್ಟಿದೆಯೆಂದು ಅಳೆದು ತೋರಿಸಿತು.

ಸಣ್ಣ ಅಣುವಿಗೆ ಒಲಿದ ವಿದ್ಯೆ ಪ್ರೋಟೀನಿಗೆ ಸುಲಭವಾಗಿ ಒಲಿಯಲಿಲ್ಲ. ಪ್ರೋಟೀನು ದೊಡ್ಡದು, ಮೆತ್ತಗಿನದು. ಬಿಸಿಗೂ ಕಟುವಾದ ದ್ರಾವಕಕ್ಕೂ ಅದರ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಗಿದ ಪಾಲಿಮರಿನೊಳಗೆ ಸಿಕ್ಕಿದರೆ ಹೊರಗೆ ಬರುವುದೂ ಕಷ್ಟ. ಆದ್ದರಿಂದ ಅಚ್ಚನ್ನು ಪಾಲಿಮರಿನ ಮೇಲ್ಮೈಯಲ್ಲೇ ಒತ್ತುವ ಕ್ರಮ ಬಂತು. ಇಡೀ ಪ್ರೋಟೀನಿನ ಬದಲು ಅದರ ಒಂದು ತುಣುಕನ್ನಷ್ಟೇ ಮಾದರಿಯಾಗಿಸುವುದು ಇನ್ನೊಂದು ಉಪಾಯ. ಆಳಿನ ಬದಲು ಹೆಬ್ಬೆಟ್ಟಿನ ಗುರುತು ಸಾಕೆಂಬಂತೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಕೆನೆತ್ ಶೇ ಮತ್ತು ಸಂಗಡಿಗರ ಅತಿಸೂಕ್ಷ್ಮ ಪಾಲಿಮರ್ ಕಣಗಳು, ಜೇನುಹುಳುವಿನ ವಿಷದಲ್ಲಿರುವ ಮೆಲಿಟಿನ್ ಎಂಬ 26 ಅಮೈನೋ ಆಮ್ಲಗಳ ಸರಪಳಿಯನ್ನು ಜೀವಂತ ಇಲಿಗಳ ರಕ್ತದಲ್ಲೇ ಹಿಡಿದವು. ಸಾಯುವ ಇಲಿಗಳ ಸಂಖ್ಯೆ ತಗ್ಗಿತು.

ಇಂಥ ಅಚ್ಚಿನಲ್ಲಿ ಎಲ್ಲ ಪೊಳ್ಳುಗಳೂ ಒಂದೇ ಸಮನಾಗಿರುವುದಿಲ್ಲ. ಕೆಲವು ಸರಿಯಾಗಿ ಹಿಡಿಯುತ್ತವೆ, ಕೆಲವು ಹಿಡಿಯವು. ನಿಖರತೆಯಲ್ಲಿ ಪ್ರತಿಕಾಯವೇ ಸಾಮಾನ್ಯವಾಗಿ ಮೇಲು. ಆದರೆ ಪ್ರತಿಕಾಯಗಳನ್ನು ತಂಪಿನಲ್ಲಿ ಕಾಪಾಡಬೇಕು. ಪಾಲಿಮರು ಬಿಸಿಲನಾಡಿನ ಕಪಾಟಿನಲ್ಲೂ ಬಾಳೀತು. ಶೀತಕ ಪೆಟ್ಟಿಗೆಯಿಲ್ಲದ ಆಸ್ಪತ್ರೆಗೆ ಇದು ಸಣ್ಣ ಮಾತಲ್ಲ.

ಪೌಲಿಂಗರ ಊಹೆ ಮೇಣದಂತೆ ಕರಗಿಹೋಯಿತು. ಅಚ್ಚು ಮಾತ್ರ ಉಳಿಯಿತು.