ಕಡಲತೀರದ ಕೈತೋಟ: ಫ್ರಾಸ್ಟ್ ತಾರೀಕನ್ನು ಎಷ್ಟು ನಂಬಬೇಕು?

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಿಲಲ್ಲಿ ಮೆಂತ್ಯ, ಬದನೆ, ಹೀರೆಬಳ್ಳಿ ಅಪರೂಪವೇನಲ್ಲ. ಆದರೆ ಮಳೆ ನಕ್ಷತ್ರ ನೋಡಿ ಬಿತ್ತುವ ರೂಢಿ ಅಲ್ಲಿ ನಡೆಯದು. ಬೇಸಿಗೆಯಲ್ಲಿ ಮಳೆಯೇ ಇರುವುದಿಲ್ಲ. ಅಲ್ಲಿನವರು ನೋಡುವುದು ಫ್ರಾಸ್ಟ್ ತಾರೀಕನ್ನು. ಎಲೆಯ ಮೇಲೆ ಹಿಮದ ಹರಳು ಕಟ್ಟಿ, ಎಳೆಯ ಸಸಿ ಕಪ್ಪಾಗಿ ಜೋತುಬೀಳುವಂಥ ಚಳಿ ವರ್ಷದಲ್ಲಿ ಎಂದು ಮುಗಿಯುತ್ತದೆ, ಮತ್ತೆ ಎಂದು ಶುರುವಾಗುತ್ತದೆ ಎಂಬ ಅಂದಾಜು ಅದು. ಈ ಅಂದಾಜಿನ ಸುತ್ತ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಕೊನೆಯ ಫ್ರಾಸ್ಟ್ ತಾರೀಕು ದಾಟಿದರೆ ಸಸಿ ನೆಡಲು ಭಯವಿಲ್ಲ.

ಸತ್ಯ: ಈ ತಾರೀಕು 1991ರಿಂದ 2020ರವರೆಗಿನ 30 ವರ್ಷಗಳ ಹವಾಮಾನ ದಾಖಲೆಯಿಂದ ತೆಗೆದದ್ದು. ಸಾಮಾನ್ಯವಾಗಿ ಕೋಷ್ಟಕದಲ್ಲಿ ಕಾಣುವುದು ಶೇ. 50ರ ಸಾಧ್ಯತೆಯ ದಿನ. ಎರಡು ವರ್ಷಕ್ಕೊಮ್ಮೆ ಆ ದಿನದ ನಂತರವೂ ಫ್ರಾಸ್ಟ್ ಬರಬಹುದು ಎಂದು ಅದರರ್ಥ. ಟೊಮೆಟೊ, ಬದನೆಯಂಥ ಚಳಿ ತಾಳದ ಸಸಿಗಳಿಗೆ ಶೇ. 10ರ ಸಾಧ್ಯತೆಯ ದಿನವನ್ನು ನೋಡುವುದು ಜಾಣತನ. ಇನ್ನೊಂದು ವಿಷಯ: ಹವಾಮಾನ ಕೇಂದ್ರದ ತಾಪಮಾಪಕ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಅದು 2 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗಲೇ ನೆಲಮಟ್ಟದ ಎಲೆಗಳಲ್ಲಿ ಹಿಮ ಕಟ್ಟಿರಬಹುದು.

ತಪ್ಪು ಕಲ್ಪನೆ: ಸಮುದ್ರ ಹತ್ತಿರವಿದ್ದರೆ ಫ್ರಾಸ್ಟ್ ಸುಳಿಯುವುದಿಲ್ಲ.

ಸತ್ಯ: ನೀರು ನಿಧಾನವಾಗಿ ತಣಿಯುವುದರಿಂದ ಕಡಲತೀರದ ಚಳಿಗಾಲ ಮೃದು ಎಂಬುದು ನಿಜ. ಆದರೂ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲೇ 1932ರ ಡಿಸೆಂಬರ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗಿಳಿದಿತ್ತು. 1976ರ ಫೆಬ್ರವರಿಯಲ್ಲಿ ಹಿಮವೂ ಬಿದ್ದಿತ್ತು. ಬೆಟ್ಟಸಾಲಿನಾಚೆಯ ಲಿವರ್‌ಮೋರ್ ಕಣಿವೆಯಲ್ಲಂತೂ ಫ್ರಾಸ್ಟ್ ಚಳಿಗಾಲದ ಮಾಮೂಲಿ ಅತಿಥಿ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಒಂದೇ ಬೀದಿಯ ಮೇಲಿನ ಮನೆಯ ಗಿಡ ಉಳಿದು, ಕೆಳಗಿನ ಮನೆಯದು ಸಾಯುವುದುಂಟು.

ತಪ್ಪು ಕಲ್ಪನೆ: ಫ್ರಾಸ್ಟ್ ಇಲ್ಲದ ಕಡೆ ಏನನ್ನಾದರೂ, ಯಾವಾಗಲಾದರೂ ಬೆಳೆಯಬಹುದು.

ಸತ್ಯ: ಕಡಲತೀರದ ತೋಟಗಾರರು ಹೆಚ್ಚಾಗಿ ಮೋಸಹೋಗುವುದು ಇಲ್ಲೇ. ಅಲ್ಲಿ ಬೆಳೆಗೆ ತಡೆಯೊಡ್ಡುವುದು ಚಳಿಗಾಲಕ್ಕಿಂತ ಹೆಚ್ಚಾಗಿ ಬೇಸಿಗೆ. ಗಾಳಿಯ ಹೊಡೆತಕ್ಕೆ ಪೆಸಿಫಿಕ್ ಸಾಗರದ ಆಳದ ತಣ್ಣೀರು ದಡದ ಬಳಿ ಮೇಲೇಳುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ಮಂಜಾಗಿ ಊರಿಗೆ ನುಗ್ಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜುಲೈ ತಿಂಗಳ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 20 ಡಿಗ್ರಿಯ ಆಸುಪಾಸು. ಅಲ್ಲಿ ವರ್ಷದ ಬೆಚ್ಚಗಿನ ತಿಂಗಳು ಸೆಪ್ಟೆಂಬರ್. ರಾತ್ರಿಯ ಉಷ್ಣತೆ 13 ಡಿಗ್ರಿಗಿಂತ ಕೆಳಗಿದ್ದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರುತ್ತದೆ. ಬೆಂಡೆ ಬೀಜಕ್ಕೆ ಮಣ್ಣು 18 ಡಿಗ್ರಿಯಾದರೂ ಬೆಚ್ಚಗಿರಬೇಕು. ಇಲ್ಲವಾದರೆ ಮೊಳೆಯುವ ಮುನ್ನವೇ ಕೊಳೆಯುವ ಸಂಭವ ಹೆಚ್ಚು. ಫ್ರಾಸ್ಟ್ ಬೀಳುವ ಲಿವರ್‌ಮೋರ್‌ನಲ್ಲೇ ಬೆಂಡೆ, ಹೀರೆ, ಹರಿವೆ ಹುಲುಸಾಗಿ ಬರುವುದು ಅಲ್ಲಿನ ಬೇಸಿಗೆಯ ಬಿಸಿಲಿನಿಂದ.

ತಪ್ಪು ಕಲ್ಪನೆ: ಹಾರ್ಡಿನೆಸ್ ವಲಯದ ಸಂಖ್ಯೆ ಗೊತ್ತಿದ್ದರೆ ಸಾಕು.

ಸತ್ಯ: ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಈ ವಲಯಗಳ ನಕ್ಷೆಗೆ ಆಧಾರ ಒಂದೇ: ವರ್ಷದ ಅತಿ ಕಡಿಮೆ ಉಷ್ಣತೆಯ ಸರಾಸರಿ. ವರ್ಷಗಟ್ಟಲೆ ಬದುಕುವ ಗಿಡ ಚಳಿಗಾಲವನ್ನು ದಾಟೀತೇ ಎಂದು ತಿಳಿಯಲು ಅದು ಉಪಯುಕ್ತ. ಬೇಸಿಗೆಯ ಕಾವು, ಮಂಜು, ಫ್ರಾಸ್ಟ್ ತಾರೀಕು ಅದರಲ್ಲಿಲ್ಲ. ‘ಸನ್‌ಸೆಟ್’ ಪತ್ರಿಕೆಯ ಹವಾಮಾನ ವಲಯಗಳು ಇವನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಅದರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಮಂಜಿನ ತೀರ 17ನೆಯ ವಲಯ.

ತಪ್ಪು ಕಲ್ಪನೆ: ಫ್ರಾಸ್ಟ್ ಬಿದ್ದರೆ ತರಕಾರಿ ತೋಟವೆಲ್ಲ ನಾಶ.

ಸತ್ಯ: ಬಟಾಣಿ, ನವಿಲುಕೋಸು, ಎಲೆಕೋಸು, ಮೂಲಂಗಿ, ಪಾಲಕ್ ಹಗುರ ಫ್ರಾಸ್ಟನ್ನು ತಡೆದುಕೊಳ್ಳುತ್ತವೆ. ಚಳಿಯಲ್ಲಿ ಕ್ಯಾರೆಟ್, ಕೋಸುಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿ ರುಚಿಯೇ ಏರುತ್ತದೆ. ಬಿಸಿಲೇರಿದರೆ ಬೇಗ ಹೂ ಬಿಡುವ ಕೊತ್ತಂಬರಿಗೂ ತಂಪೇ ಹಿತ.

ತಪ್ಪು ಕಲ್ಪನೆ: ಗಿಡದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಸಾಕು.

ಸತ್ಯ: ಪ್ಲಾಸ್ಟಿಕ್ ತಾಗಿದ ಎಲೆಗೇ ಮೊದಲು ಪೆಟ್ಟು. ಹಳೆಯ ಬೆಡ್‌ಶೀಟ್ ಮೇಲು, ಅದೂ ನೆಲ ಮುಟ್ಟುವಂತೆ. ಗಿಡವನ್ನು ಕಾಯುವುದು ಮಣ್ಣಿನಿಂದೇಳುವ ಶಾಖ. ಒಣಮಣ್ಣಿಗಿಂತ ಒದ್ದೆಮಣ್ಣು ಹೆಚ್ಚು ಶಾಖ ಹಿಡಿದಿಡುವುದರಿಂದ ಹಗಲಲ್ಲೇ ನೀರುಣಿಸಿರಬೇಕು. ಬೆಳಿಗ್ಗೆ ಹೊದಿಕೆ ತೆಗೆಯಬೇಕು.

ಒಟ್ಟಿನಲ್ಲಿ, ಫ್ರಾಸ್ಟ್ ತಾರೀಕು ‘ಇದಕ್ಕಿಂತ ಮುಂಚೆ ಬೇಡ’ ಎನ್ನುತ್ತದೆ. ‘ಈಗ ನೆಡು’ ಎನ್ನುವುದು ಮಣ್ಣಿನ ಬಿಸಿ. ಐದಾರು ಸೆಂಟಿಮೀಟರ್ ಆಳಕ್ಕೆ ತಾಪಮಾಪಕ ಚುಚ್ಚಿ, ಕೆಲವು ದಿನ ಬೆಳಿಗ್ಗೆ ಓದಿದರೆ ಅದು ತಿಳಿಯುತ್ತದೆ. ಮಂಜಿನ ತೀರದಲ್ಲಿ ಸೊಪ್ಪು, ಕೋಸು, ಬಟಾಣಿಗಳನ್ನೇ ಮುಖ್ಯ ಬೆಳೆಯಾಗಿಸಿ, ಬೇಗ ಹಣ್ಣಾಗುವ ಟೊಮೆಟೊ ತಳಿಯನ್ನು ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬದಿಗೆ ನೆಡುವುದು ಲೇಸು. ಬೆಂಡೆಯ ಆಸೆಯನ್ನು ಕಣಿವೆಯ ಕಡೆ ಮನೆ ಇರುವ ಗೆಳೆಯರಿಗೆ ಬಿಡಬಹುದು.