ಒಂದೇ ಹೆದ್ದಾರಿ, ಎರಡು ಊರು: ಇಳಕಲ್ ಸೀರೆಯ ಕೊಂಡಿ ಕಥೆ

ಇಯರ್‌ಫೋನ್ ಹಾಕ್ಕೊಂಡಿದೀರಾ? ಸರಿ, ಇವತ್ತು ಒಂದು ಊರಿಗೆ ಹೋಗೋಣ.

ನಾನು ಶೃಂಗೇರಿ ಹತ್ತಿರದ ನೆಮ್ಮಾರ್‌ನವನು. ನಮ್ಮೂರಲ್ಲಿ ತುಂಗೆ ಇದೆ, ಅಡಿಕೆ ತೋಟ ಇದೆ, ಮಳೆಯಂತೂ ಬೇಕಾದಷ್ಟಿದೆ. ಮಗ್ಗದ ಸದ್ದು ಮಾತ್ರ ಇಲ್ಲ. ಆದ್ರೆ ನಮ್ಮೂರ ಮೇಲೆ ಹೋಗೋ ರಸ್ತೆ ಇದೆಯಲ್ಲ, ಮೊದಲು ಅದು ಸೋಲಾಪುರ-ಮಂಗಳೂರು ರಾಷ್ಟ್ರೀಯ ಹೆದ್ದಾರಿ 13. ಅದೇ ಹೆದ್ದಾರಿ ಬಾಗಲಕೋಟೆ ಜಿಲ್ಲೆಯ ಇಳಕಲ್ ಮೂಲಕವೂ ಹಾದು ಬರ್ತಿತ್ತು. ಈಗ ನಂಬರ್ ಬದಲಾಗಿ ನಮ್ಮದು 169, ಅವರದ್ದು 50.

ಇಳಕಲ್ ನನ್ನ ತಲೆಗೆ ಹೊಕ್ಕಿದ್ದು ಒಂದು ಮೋಸದಿಂದ. ಮೊದಲ ಸಂಬಳದಲ್ಲಿ ಅಮ್ಮನಿಗೆ ಅಂತ ಒಂದು ಆ್ಯಪ್‌ನಲ್ಲಿ ‘ಇಳಕಲ್ ಕೈಮಗ್ಗ ಸೀರೆ’ ತರಿಸಿದೆ. ಅಮ್ಮನಿಗೆ ಖುಷಿಯೋ ಖುಷಿ. ಬಾಗಲಕೋಟೆ ಕಡೆ ಟೀಚರ್ ಆಗಿದ್ದ ದೊಡ್ಡಮ್ಮ ಮಾತ್ರ ಸೆರಗನ್ನ ತಿರುಗಿಸಿ ನೋಡಿ, “ಇದಕ್ಕೆ ಕೊಂಡಿನೇ ಇಲ್ವಲ್ಲೋ” ಅಂದ್ರು. ಅಮ್ಮ ಏನೂ ಹೇಳದೆ ಸೀರೆ ಮಡಚಿಟ್ಟರು.

ಏನಿದು ಕೊಂಡಿ? ಬಟ್ಟೆಯಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಅಡ್ಡ ಹಾಯೋದು ಹೊಕ್ಕು. ‘ಹಾಸುಹೊಕ್ಕು’ ಅನ್ನೋ ಮಾತು ಬಂದಿದ್ದೇ ಮಗ್ಗದಿಂದ. ಸಾಮಾನ್ಯವಾಗಿ ಸೀರೆಯ ಒಡಲಿಗೂ ಸೆರಗಿಗೂ ಒಂದೇ ಹಾಸು. ಇಳಕಲ್‌ನಲ್ಲಿ ಹಾಗಲ್ಲ. ಸಾಂಪ್ರದಾಯಿಕ ಸೀರೆಯ ಒಡಲಿಗೆ ಹತ್ತಿ ಹಾಸು, ಸೆರಗಿಗೆ ಬೇರೆಯದೇ ಕೆಂಪು ರೇಷ್ಮೆ ಹಾಸು. ಎರಡೂ ಸೇರೋ ಜಾಗದಲ್ಲಿ ಒಂದರ ಎಳೆಯನ್ನ ಇನ್ನೊಂದರ ಎಳೆಗೆ ಕುಣಿಕೆಯಂತೆ ಕೈಯಲ್ಲೇ ಸಿಕ್ಕಿಸ್ತಾರೆ. ಅದೇ ಕೊಂಡಿ. ಅಂಚಿನಿಂದ ಅಂಚಿನವರೆಗೆ, ಒಂದೊಂದೇ ಎಳೆ!

ಇದರ ಪರಿಣಾಮ ನೋಡಿ. ಬೇರೆ ಕಡೆ ಉದ್ದದ ಹಾಸು ಹಾಕಿ ಒಂದರ ಹಿಂದೆ ಒಂದು ಸೀರೆ ನೇಯಬಹುದು. ಇಲ್ಲಿ ಪ್ರತಿ ಸೀರೆಗೂ ಅಳತೆಗೆ ತಕ್ಕಂತೆ ಹಾಸು ತಯಾರಾಗಬೇಕು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು ಒಬ್ಬರೇ ಆದ್ರೂ, ನೂಲು ಸುತ್ತೋದು, ಕೊಂಡಿ ಹಾಕೋದು ಎಲ್ಲಾ ಸೇರಿ ಮನೆಮಂದಿಯ ದುಡಿಮೆ. ನಾವು ಚೌಕಾಸಿ ಮಾಡೋದು ಇವರೆಲ್ಲರ ಕೂಲಿಯ ಮೇಲೆ.

ಸೆರಗು ನೋಡಿದ್ರೆ ಆ ನೆಲವೇ ಕಾಣುತ್ತೆ. ‘ಟೋಪ್ ತೆನಿ’ ಅಂತಾರೆ: ಕೆಂಪು ಮೇಲೆ ಬಿಳಿ, ಸಾಲು ಸಾಲು ಜೋಳದ ತೆನೆಯ ಹಾಗೆ. ಬಾಚಣಿಗೆ ಹಲ್ಲಿನಂಥ ‘ಹಣಿಗೆ’, ಕೋಟೆಯ ತೆನೆಯಂಥ ಚಿತ್ತಾರಗಳೂ ಇವೆ. ಅಂಚಿಗೆ ಗೋಮಿ, ಪರಸಪೇಟಿ, ಗಾಯತ್ರಿ ಅಂತ ಹೆಸರು. ಇದರ ಮೇಲೆ ಧಾರವಾಡ ಕಡೆಯ ಕಸೂತಿ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಮುಗೀತು!

ಹಾಗಾದ್ರೆ ಕಾನೂನು ಇಲ್ವಾ? ಇದೆ. ಕೆಲವು ಬಟ್ಟೆಗಳನ್ನ ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರದ್ದು. ಇಳಕಲ್ ಸೀರೆಗೆ ಜಿಐ ಟ್ಯಾಗ್ ಕೂಡ ಇದೆ. ಆದ್ರೆ ಮೊಬೈಲ್ ಪರದೆಯ ಫೋಟೋದಲ್ಲಿ ಕೈಮಗ್ಗ, ಪವರ್‌ಲೂಮ್ ಎರಡೂ ಒಂದೇ ಥರ ಕಾಣುತ್ತೆ. ಬೆಲೆ ಮಾತ್ರ ಬೇರೆ. ಅಗ್ಗದ್ದೇ ಗೆಲ್ಲುತ್ತೆ.

ಅದಕ್ಕೇ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಸೆರಗು ಶುರುವಾಗೋ ಜಾಗದ ಹಿಂಬದಿ ನೋಡಿ. ಕೊಂಡಿ ಇಲ್ಲದಿದ್ರೆ ಅದು ಸಾಂಪ್ರದಾಯಿಕ ಇಳಕಲ್ ಅಲ್ಲ. ಎರಡು, ಕೊಂಡಿ ಇದ್ದ ಮಾತ್ರಕ್ಕೆ ಕೈಮಗ್ಗ ಅಂತಲೂ ಅಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ ಕೇಳಿ. ಕೇಳೋಕೆ ನಾಚಿಕೆ ಬೇಡ.

1905ರ ಆಗಸ್ಟ್ 7ರಂದು ಕಲ್ಕತ್ತಾದಲ್ಲಿ ಸ್ವದೇಶಿ ಚಳವಳಿ ಶುರುವಾಯ್ತು. ಅದರ ನೆನಪಿಗೆ 2015ರಿಂದ ಅವತ್ತು ರಾಷ್ಟ್ರೀಯ ಕೈಮಗ್ಗ ದಿನ. ಅವತ್ತು ಎಲ್ಲರ ಸ್ಟೇಟಸ್‌ನಲ್ಲೂ ಸೀರೆ. ಮಾರನೇ ದಿನ ಮಗ್ಗಕ್ಕೆ ಆರ್ಡರ್ ಬೇಕಲ್ಲ?

ನಾನು ಈಗ ಅಮ್ಮನಿಗೆ ಇನ್ನೊಂದು ಸೀರೆಗೆ ದುಡ್ಡು ಕೂಡಿಡ್ತಿದೀನಿ. ಈ ಸಲ ಫೋಟೋ ನೋಡಿ ಅಲ್ಲ, ಅದೇ ಹಳೇ ಹೆದ್ದಾರಿ ಹಿಡಿದು, ಸೆರಗು ತಿರುಗಿಸಿ ನೋಡಿಯೇ ತರೋದು. ನೀವೂ ಇವತ್ತು ಮನೆಯ ಬೀರು ತೆಗೆದು ಒಮ್ಮೆ ಹುಡುಕಿ. ಅಜ್ಜಿಯ ಸೀರೆಯಲ್ಲಿ ಕೊಂಡಿ ಸಿಕ್ಕಿದ್ರೆ ನನಗೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.