ಫ್ಲಾಟ್‌ಸಮ್: ತೇಲಿ ಬಂದದ್ದು ಯಾರ ಸೊತ್ತು?

ಕಳೆದ ಚಳಿಗಾಲದ ಒಂದು ಶುಕ್ರವಾರ ನಾವು ನಾಲ್ಕು ಕುಟುಂಬದವರು ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಸೀಬ್ ಕಡಲತೀರಕ್ಕೆ ಹೋಗಿದ್ದೆವು. ಊಟ ಮುಗಿಯುವಷ್ಟರಲ್ಲಿ ಮಕ್ಕಳು ದಂಡೆಯಲ್ಲಿ ಸಿಕ್ಕಿದ್ದನ್ನೆಲ್ಲ ರಾಶಿ ಹಾಕಿದ್ದರು: ಬಲೆಯ ತುಂಡು, ಒಂಟಿ ಚಪ್ಪಲಿ, ಮುರಿದ ಹಲಗೆ, ತೆಂಗಿನಕಾಯಿ ಗಾತ್ರದ ಬೂದುಬಣ್ಣದ ಒಂದು ಉಂಡೆ. "ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಫ್ಲಾಟ್‌ಸಮ್ ಅಂತಾರೆ ಅಂಕಲ್" ಎಂದು ಒಬ್ಬ ಹುಡುಗಿ ಪಾಠ ಒಪ್ಪಿಸಿದಳು.

ಅವಳ ತಂದೆಯ ಕಣ್ಣು ಉಂಡೆಯ ಮೇಲಿತ್ತು. ಅವರ ಕೆಲಸದ ಕರಾರು ಆ ತಿಂಗಳಿಗೆ ಮುಗಿಯುವುದಿತ್ತು. ಊರಿನ ಮನೆಸಾಲ ತೀರಿರಲಿಲ್ಲ. "ಡಾಕ್ಟರೇ, ಇದು ಅಂಬರ್ ಅಲ್ಲವೇ?" ಎಂದರು. ಆಸೆಗೆ ಆಧಾರವೂ ಇತ್ತು. 2016ರಲ್ಲಿ ಖುರಯ್ಯಾತ್‌ನ ಮೀನುಗಾರರಿಗೆ ಅಂಬರಿನ ದೊಡ್ಡ ಗಡ್ಡೆ ಸಿಕ್ಕಿದ್ದು ಒಮಾನಿನಲ್ಲೆಲ್ಲ ಸುದ್ದಿಯಾಗಿತ್ತು.

ನಮ್ಮ ಪತ್ರಿಕೆಗಳು ಅಂಬರನ್ನು ತಿಮಿಂಗಿಲದ ವಾಂತಿ ಎನ್ನುತ್ತವೆ. ಅದು ಉಂಟಾಗುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಅದರಲ್ಲಿರುವ ಆಂಬ್ರೀನ್‌ಗೆ ತನ್ನದೇ ಪರಿಮಳವಿಲ್ಲ. ವರ್ಷಗಟ್ಟಲೆ ಬಿಸಿಲು, ಗಾಳಿ, ಉಪ್ಪುನೀರು ತಗಲಿ ಅದು ಒಡೆದಾಗ ಸುಗಂಧ ಹುಟ್ಟುತ್ತದೆ. ಕಾದ ಸೂಜಿ ಚುಚ್ಚಿದರೆ ಅಂಬರ್ ಕಪ್ಪು ಅಂಟಾಗಿ ಕರಗುತ್ತದೆ. ನಾವು ಚುಚ್ಚಿದೆವು. ಉಂಡೆ ಮೇಣದಬತ್ತಿಯಂತೆ ತಿಳಿಯಾಗಿ ಕರಗಿತು; ಸೀಮೆಎಣ್ಣೆಯ ವಾಸನೆ ಬಂತು. ಪ್ಯಾರಾಫಿನ್! ಟ್ಯಾಂಕರುಗಳ ತೊಟ್ಟಿ ತೊಳೆದಾಗ ಇಂಥದು ಕಡಲು ಸೇರುತ್ತದೆ. ಅಂಬರೇ ಆಗಿದ್ದರೂ ಊರಿಗೆ ಒಯ್ಯುವಂತಿರಲಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ.

ಇನ್ನು ಹುಡುಗಿಯ ಪದಕ್ಕೆ ಬರೋಣ. ತೇಲು ಎಂಬರ್ಥದ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಫ್ಲಾಟ್‌ಸಮ್, ಮೂಲತಃ ಕಾನೂನಿನ ಮಾತು. ಹಡಗು ಒಡೆದಾಗ ತಾನಾಗಿ ತೇಲಿಹೋದ ಸರಕು ಫ್ಲಾಟ್‌ಸಮ್. ಹಡಗನ್ನು ಹಗುರ ಮಾಡಿ ಉಳಿಸಿಕೊಳ್ಳಲು ಬೇಕೆಂದೇ ಎಸೆದದ್ದು ಜೆಟ್‌ಸಮ್. ಮುಳುಗಿದರೂ ಮತ್ತೆ ಬಂದು ಎತ್ತಿಕೊಳ್ಳಲೆಂದು ತೇಲುಬುರುಡೆ ಕಟ್ಟಿಟ್ಟದ್ದು ಲ್ಯಾಗನ್. ಒಡೆಯ ಆಸೆ ಬಿಟ್ಟದ್ದು ಡೆರೆಲಿಕ್ಟ್. ಬ್ರಿಟನ್ನಿನ 1995ರ ಹಡಗು ಕಾಯಿದೆಯಲ್ಲಿ ಈ ನಾಲ್ಕೂ ಇವೆ. ಅಲ್ಲಿ ಸಿಕ್ಕಿದವನಿಗೆ ಸೊತ್ತಲ್ಲ. ಅಧಿಕಾರಿಗೆ ತಿಳಿಸಬೇಕು, ಒಡೆಯನಿಗೆ ಒಂದು ವರ್ಷದ ಅವಕಾಶವಿದೆ. ಅಂಬರ್ ಹಡಗಿನದಲ್ಲವಾದ್ದರಿಂದ ಈ ಲೆಕ್ಕಕ್ಕೇ ಬಾರದು.

2025ರ ಮೇ 25ರಂದು ಕೇರಳದಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿ ಕಂಟೇನರುಗಳು ದಡಕ್ಕೆ ಬಂದವಲ್ಲ, ಅವು ನಿಜವಾದ ಫ್ಲಾಟ್‌ಸಮ್. ಆ ಹಡಗಿನ ಕೆಲವು ಕಂಟೇನರುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದಕ್ಕೆ ನೀರು ತಾಗಿದರೆ ಹೊರಡುವುದು ಬೆಂಕಿ ಹೊತ್ತುವ ಅಸಿಟಿಲೀನ್. ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ: ತೀರದಲ್ಲಿ ಪೀಪಾಯಿ, ಡಬ್ಬಿ ಕಂಡರೆ ಮಕ್ಕಳನ್ನು ದೂರವಿರಿಸಿ ಪೊಲೀಸರಿಗೆ ತಿಳಿಸಿ.

ಬಳಕೆಯಲ್ಲಿ ಫ್ಲಾಟ್‌ಸಮ್, ಜೆಟ್‌ಸಮ್ ಜೋಡಿಯಾಗಿ ಕಸಕಡ್ಡಿ ಎಂಬರ್ಥ ಪಡೆದಿವೆ. ನೆಲೆ ತಪ್ಪಿದ ಜನರಿಗೂ ಹಾಗೆನ್ನುವುದುಂಟು. ಇದನ್ನು ಹೇಳಬಾರದಿತ್ತು. "ಹಾಗಾದರೆ ನಾನು ಜೆಟ್‌ಸಮ್ಮೇ ಸೈ. ಹಡಗು ಹಗುರ ಮಾಡಲು ಎಸೆದದ್ದು" ಎಂದರು ಮಿತ್ರರು.

"ಅಲ್ಲ ರಾಯರೇ, ನೀವು ಲ್ಯಾಗನ್. ಬುರುಡೆ ಕಟ್ಟಿಯೇ ಇದೆ" ಎಂದೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಉಂಡೆಯನ್ನೆತ್ತಿ ಕಸದ ತೊಟ್ಟಿಗೆ ಹಾಕಿ ಬಂದು, ಉಳಿದ ಚಿತ್ರಾನ್ನ ಬಡಿಸಿದರು.

ಈಗ ಊರಿನಲ್ಲಿದ್ದಾರೆ. ಈ ಸಂಚಿಕೆಯ ಒಂದು ಪ್ರತಿ ಅವರ ವಿಳಾಸಕ್ಕೂ ಹೋಗುತ್ತಿದೆ.